ಐದನೆಯ ದಿನ ಹಾಸಿಗೆ ಸರಿಮಾಡಿದವಳು

ಆಪರೇಷನ್ ಮಾಡಿಸಿಕೊಂಡು ಮನೆಗೆ ಬಂದ ಹೆಂಗಸನ್ನು ನೋಡಲು ಬರುವವರ ಪ್ರಶ್ನೆಗಳಿಗೆ ಒಂದು ಕ್ರಮವಿದೆ. ಮೊದಲ ವಾರ "ನೋವಿದೆಯಾ?" ಎನ್ನುತ್ತಾರೆ. ಎರಡನೆಯ ವಾರ "ಹೊಲಿಗೆ ಬಿಚ್ಚಿದ್ರಾ?" ಎನ್ನುತ್ತಾರೆ. ಮೂರನೆಯ ವಾರದಿಂದ ಮುಂದಕ್ಕೆ ಪ್ರಶ್ನೆ ಒಂದೇ: "ಅಡಿಗೆ ಮನೆಗೆ ಬಂದ್ರಾ?" ಕೇಳುವವರು ಕೆಟ್ಟವರಲ್ಲ. ಗಂಜಿಗೆಂದು ರವೆ ಹುರಿದು ಡಬ್ಬಿಯಲ್ಲಿ ತಂದುಕೊಟ್ಟವರೇ, ನಂಜಾಗುತ್ತದೆ ಬದನೆಕಾಯಿ ತಿನ್ನಬೇಡಿ ಎಂದು ಅಕ್ಕರೆಯಿಂದ ಹೇಳಿದವರೇ. ಆದರೆ ನಮ್ಮ ಮನೆಯವರಿಗೆ ಕೆಲವು ವರ್ಷದ ಹಿಂದೆ ಹರ್ನಿಯಾ ಆಪರೇಷನ್ ಆದಾಗ ಇದೇ ಜನ ಬಂದು ಇದೇ ಕುರ್ಚಿಗಳಲ್ಲಿ ಕೂತು ಕೇಳಿದ ಪ್ರಶ್ನೆ ಬೇರೆ ಇತ್ತು. "ಇನ್ನೂ ಎಷ್ಟು ದಿನ ರಜಾ ಇದೆ ಸಾರ್? ಆತುರ ಮಾಡಬೇಡಿ, ಚೆನ್ನಾಗಿ ರೆಸ್ಟ್ ತಗೊಳ್ಳಿ."

ನನಗೆ ಆಪರೇಷನ್ ಆದದ್ದು 2019ರಲ್ಲಿ, ದಸರಾ ರಜೆಯಲ್ಲಿ. ಗರ್ಭಕೋಶದಲ್ಲಿ ಗಡ್ಡೆ, ಎಡಗಡೆಯ ಅಂಡಾಶಯದಲ್ಲಿ ಇನ್ನೊಂದು. ವೈದ್ಯರು ಜೂನ್ ತಿಂಗಳಲ್ಲೇ ತೆಗೆಸಿಬಿಡಿ ಎಂದಿದ್ದರು. ನಾನು ಮಧ್ಯವಾರ್ಷಿಕ ಪರೀಕ್ಷೆ ಮುಗಿಯಲಿ, ಪೇಪರು ತಿದ್ದಿ ಅಂಕಪಟ್ಟಿ ಒಪ್ಪಿಸಿಬಿಡುತ್ತೇನೆ ಎಂದು ಮುಂದೂಡುತ್ತ ಬಂದೆ. ಹಿಮೋಗ್ಲೋಬಿನ್ ಏಳಕ್ಕೆ ಇಳಿದಿತ್ತು, ಮಹಡಿಯ ಮೇಲಿನ ಹತ್ತನೆಯ ತರಗತಿಗೆ ಹತ್ತಿಹೋಗುವಷ್ಟರಲ್ಲಿ ಎರಡು ಸಲ ಗೋಡೆ ಹಿಡಿದು ನಿಲ್ಲಬೇಕಾಗುತ್ತಿತ್ತು, ಆದರೂ ಅಂಕಪಟ್ಟಿ. ನನ್ನ ಹಾಗೆ ಮಾಡಿದವರು ಓದುಗರಲ್ಲಿ ಎಷ್ಟು ಮಂದಿ ಇದ್ದೀರೋ! ಕೊನೆಗೆ ಊರೆಲ್ಲ ದಸರಾ ದೀಪ ನೋಡಲು ಹಾಸನದಿಂದ ಮೈಸೂರಿಗೆ ಹೊರಟ ದಿನಗಳಲ್ಲೇ ನಾನು ಒಂದು ಚೀಲದಲ್ಲಿ ನಾಲ್ಕು ನೈಟಿ, ಇನ್ನೊಂದರಲ್ಲಿ ಸ್ಕ್ಯಾನಿಂಗ್ ರಿಪೋರ್ಟು ಹಿಡಿದುಕೊಂಡು ಮೈಸೂರಿನ ಒಂದು ಆಸ್ಪತ್ರೆಗೆ ಸೇರಿದೆ.

ಆಪರೇಷನ್ನಿನ ಬಗ್ಗೆ ನಾನು ಹೇಳುವುದಕ್ಕೇನೂ ಇಲ್ಲ. ಬೆನ್ನಿಗೆ ಸೂಜಿ ಕೊಟ್ಟರು, ಕಾಲು ಮರದ ಕೊರಡಾಯಿತು, ಹಸಿರು ಪರದೆಯ ಆಚೆ ಅವರವರು ಮಾತಾಡುತ್ತಿದ್ದುದು ಕೇಳುತ್ತಿತ್ತು, ಆಮೇಲೆ ಮಂಪರು. ಎಲ್ಲ ಸೇರಿ ಎರಡು ಗಂಟೆಯಂತೆ. ಹೇಳುವುದು ಇರುವುದೆಲ್ಲ ಅದರ ನಂತರದ ಆರು ವಾರಗಳ ಬಗ್ಗೆ. ನಾನು ಶಾಲೆಯಲ್ಲಿ ಚರಿತ್ರೆ ಹೇಳಿಕೊಡುವವಳು. ಯುದ್ಧ ನಡೆದ ದಿನಾಂಕ ಬಾಯಿಪಾಠ ಮಾಡಿಸುತ್ತೇವೆ, ಗಾಯಾಳುಗಳು ಮನೆಗೆ ಹೋಗಿ ಎಷ್ಟು ದಿನ ಮಲಗಿದ್ದರು, ಯಾರು ಅವರಿಗೆ ಅನ್ನ ಕಲಸಿ ಕೊಟ್ಟರು ಎಂದು ಯಾವ ಪಠ್ಯಪುಸ್ತಕದಲ್ಲೂ ಇಲ್ಲ. ನಾನೂ ಅದನ್ನು ಯೋಚಿಸಿದವಳಲ್ಲ. ಯೋಚಿಸುವ ಹಾಗೆ ಮಾಡಿದ್ದು, ನೋಡಲು ಬಂದ ನನ್ನ ಹಳೆಯ ವಿದ್ಯಾರ್ಥಿನಿಯೊಬ್ಬಳು ಹಾಸಿಗೆಯ ಪಕ್ಕ ಇಟ್ಟುಹೋದ ಪುಸ್ತಕ. ಆಗ ವೈದ್ಯಕೀಯ ಓದುತ್ತಿದ್ದ ಹುಡುಗಿ. "ಮಿಸ್, ಹಣ್ಣು ಎಲ್ಲರೂ ತರ್ತಾರೆ, ನಿಮಗೆ ಹಿಸ್ಟರಿ ಇಷ್ಟ ಅಂತ ಇದು ತಂದೆ" ಎಂದು ಶಸ್ತ್ರಚಿಕಿತ್ಸೆಯ ಇತಿಹಾಸದ ಮೇಲಿನ ದಪ್ಪ ಇಂಗ್ಲಿಷ್ ಪುಸ್ತಕ ಕೊಟ್ಟಳು. ಹೊಟ್ಟೆಯ ಮೇಲೆ ಇಟ್ಟುಕೊಂಡು ಓದುವ ಹಾಗಿರಲಿಲ್ಲ. ಪಕ್ಕಕ್ಕೆ ತಿರುಗಿ, ದಿಂಬಿಗೆ ಒರಗಿಸಿ, ನಿಘಂಟು ಇನ್ನೊಂದು ಕಡೆ ಇಟ್ಟುಕೊಂಡು ಓದಿದೆ.

ಅದರಲ್ಲಿ ಸಿಕ್ಕಿದವಳು ಜೇನ್ ಟಾಡ್ ಕ್ರಾಫರ್ಡ್.

1809ನೆಯ ಇಸವಿ. ಅಮೆರಿಕದ ಕೆಂಟಕಿ ಎಂಬ ರಾಜ್ಯ. ಆಗ ಅದು ಕಾಡು ಕಡಿದು ಜನ ಹೊಸದಾಗಿ ನೆಲೆಯೂರುತ್ತಿದ್ದ ಸೀಮೆ. ಜೇನ್‌ಗೆ 46 ವರ್ಷ, ಮಕ್ಕಳೊಂದಿಗ ಸಂಸಾರಸ್ಥೆ. ಹೊಟ್ಟೆ ದಪ್ಪಗಾಗುತ್ತ ಬಂತು. ಅಲ್ಲಿನ ಇಬ್ಬರು ವೈದ್ಯರು ನೋಡಿ ಬಸುರಿ ಎಂದರು. ತಿಂಗಳು ತುಂಬಿತು, ಮಗು ಬರಲಿಲ್ಲ. ದಿನ ಮೀರಿದ ಬಸುರೆಂದುಕೊಂಡು ಹೆರಿಗೆ ಮಾಡಿಸಲು ಡ್ಯಾನ್‌ವಿಲ್ ಎಂಬ ಊರಿನ ಡಾಕ್ಟರ್ ಎಫ್ರಾಯಿಮ್ ಮೆಕ್‌ಡವೆಲ್ ಅವರನ್ನು ಕರೆಸಿದರು. ಅವರು ಕೈಯಿಟ್ಟು ಪರೀಕ್ಷಿಸಿ, ಇದು ಮಗುವಲ್ಲ, ಅಂಡಾಶಯದ ಗಡ್ಡೆ ಎಂದರು. ಇದನ್ನು ಹೊಟ್ಟೆ ಕೊಯ್ದು ತೆಗೆದವರು ಯಾರೂ ಇಲ್ಲ, ದೊಡ್ಡ ದೊಡ್ಡ ಪಂಡಿತರು ತೆಗೆಯಲು ಸಾಧ್ಯವಿಲ್ಲ ಎನ್ನುತ್ತಾರೆ, ನೀನು ಪ್ರಾಣದ ಆಸೆ ಬಿಟ್ಟು ಡ್ಯಾನ್‌ವಿಲ್‌ಗೆ ಬರುವುದಾದರೆ ನಾನು ಪ್ರಯತ್ನ ಮಾಡುತ್ತೇನೆ ಎಂದು ಮುಚ್ಚುಮರೆಯಿಲ್ಲದೆ ಹೇಳಿದರು. ಅವಳು ಬರುತ್ತೇನೆ ಎಂದಳು.

ಡ್ಯಾನ್‌ವಿಲ್‌ಗೆ 60 ಮೈಲಿ. ಡಿಸೆಂಬರ್ ತಿಂಗಳ ಚಳಿ. ಅಷ್ಟು ದೂರವನ್ನು ಅವಳು ಕುದುರೆಯ ಮೇಲೆ ಬಂದಳು, ಹೊಟ್ಟೆಯ ಭಾರವನ್ನು ಜೀನಿನ ಮುಂಗೊಂಬಿಗೆ ಆನಿಸಿಕೊಂಡು. ಆ ಒತ್ತಡಕ್ಕೆ ಹೊಟ್ಟೆಯ ಚರ್ಮ ಕಂದಿಹೋಗಿತ್ತು ಎಂದು ವೈದ್ಯರೇ ಬರೆದಿದ್ದಾರೆ. 60 ಮೈಲಿ ಎಂದರೆ ಸುಮಾರು 96 ಕಿಲೋಮೀಟರು. ಹಾಸನದಲ್ಲಿ ಹೊರಟು ಹೊಳೆನರಸೀಪುರ, ಕೃಷ್ಣರಾಜನಗರ ದಾಟಿ ಇನ್ನೇನು ಮೈಸೂರು ಬಂತು ಎನ್ನುವಷ್ಟು. ಅದೇ ರಸ್ತೆಯಲ್ಲಿ ಡಿಸ್ಚಾರ್ಜಿನ ದಿನ ನಾನು ಪಕ್ಕದ ಮನೆಯವರ ಕಾರಿನ ಹಿಂದಿನ ಸೀಟಿನಲ್ಲಿ, ಹೊಟ್ಟೆಗೊಂದು ದಿಂಬು ಅವುಚಿಕೊಂಡು ಬಂದವಳು. ಆ ದಾರಿಯಲ್ಲಿ ಎಷ್ಟು ರೋಡ್ ಹಂಪ್ ಇವೆ ಎಂದು ನನ್ನನ್ನು ಕೇಳಿ. ಪ್ರತಿ ಹಂಪಿಗೂ ಮೊದಲು ನಮ್ಮ ಮನೆಯವರು "ಬಂತು, ಬಂತು, ಗಟ್ಟಿಯಾಗಿ ಹಿಡ್ಕೋ" ಎನ್ನುವುದು, ನಾನು ಹಲ್ಲು ಕಚ್ಚುವುದು. ಆಮೇಲೆ ಜೇನಳ ಕುದುರೆಯ ವಿಷಯ ಓದಿದಾಗ ನನಗೆ ನಾಚಿಕೆಯಾಯಿತು ಎಂದು ಬರೆದರೆ ಚೆನ್ನಾಗಿರುತ್ತದೆ, ಆದರೆ ಅದು ಸುಳ್ಳು. ನಾಚಿಕೆಯೇನೂ ಆಗಲಿಲ್ಲ. ನೋವು ಅವರವರದು.

ಆಪರೇಷನ್ ನಡೆದದ್ದು ವೈದ್ಯರ ಮನೆಯಲ್ಲೇ, ಮೇಜಿನ ಮೇಲೆ. ಕ್ರಿಸ್‌ಮಸ್ ದಿನ ಎಂದು ಹೇಳಿಕೊಂಡು ಬಂದಿದ್ದಾರೆ. ಅರಿವಳಿಕೆ ಎಂಬುದು ಇರಲಿಲ್ಲ. ಈಥರ್ ಮೂಸಿಸಿ ನೋವಿಲ್ಲದೆ ಕೊಯ್ಯಬಹುದು ಎಂದು ಬಾಸ್ಟನ್ನಿನಲ್ಲಿ ಹತ್ತು ಜನರ ಮುಂದೆ ತೋರಿಸಿದ್ದು 1846ರ ಅಕ್ಟೋಬರ್‌ನಲ್ಲಿ, ಇದಾಗಿ 37 ವರ್ಷಗಳ ಮೇಲೆ. ಎಡಗಡೆ ಒಂಬತ್ತು ಅಂಗುಲ ಉದ್ದ ಕೊಯ್ದರು. ನಮ್ಮ ಶಾಲೆಯ ಅಡಿಕೋಲಿನ ಮುಕ್ಕಾಲು ಪಾಲು. ಕೊಯ್ಯುತ್ತಿದ್ದಂತೆ ಕರುಳು ಹೊರಕ್ಕೆ ಬಂದುಬಿಟ್ಟಿತು, ಕೆಲಸ ಮುಗಿಯುವವರೆಗೆ ಒಳಗೆ ಹಾಕಲಾಗಲಿಲ್ಲ. ಅವಳು ಅಷ್ಟು ಹೊತ್ತೂ ದೇವರ ಸ್ತುತಿಗಳನ್ನು ಹೇಳಿಕೊಳ್ಳುತ್ತಿದ್ದಳಂತೆ. ತೆಗೆದ ಗಡ್ಡೆ ಒಟ್ಟು ಇಪ್ಪತ್ತೆರಡೂವರೆ ಪೌಂಡು, ಅಂದರೆ ಹತ್ತು ಕಿಲೋ ಚಿಲ್ಲರೆ. ನಮ್ಮ ಮನೆಯ ಹಿತ್ತಾಳೆ ಬಿಂದಿಗೆಯ ತುಂಬ ನೀರು ಹಿಡಿದರೆ ಅದರ ತೂಕ. ಆ ಬಿಂದಿಗೆಯನ್ನು ಅವಳು ತಿಂಗಳುಗಟ್ಟಲೆ ಒಳಗೆ ಹೊತ್ತು ಮನೆಗೆಲಸ ಮಾಡಿದ್ದಳು. ಎಲ್ಲ 25 ನಿಮಿಷದಲ್ಲಿ ಮುಗಿಯಿತು.

ಚರಿತ್ರೆಯ ಪುಸ್ತಕಗಳು ನಿಲ್ಲುವುದು ಈ 25 ನಿಮಿಷದ ಹತ್ತಿರ. ಹೊಟ್ಟೆ ಕೊಯ್ದು ಅಂಡಾಶಯದ ಗಡ್ಡೆಯನ್ನು ತೆಗೆದು ಮನುಷ್ಯರನ್ನು ಉಳಿಸಿದ ಮೊದಲ ಶಸ್ತ್ರವೈದ್ಯ ಎಂದು ಮೆಕ್‌ಡವೆಲ್ ಅವರ ಹೆಸರು ಉಳಿಯಿತು, ಉಳಿಯತಕ್ಕದ್ದೇ. ಆದರೆ ನನ್ನ ಕಣ್ಣು ಸಿಕ್ಕಿಕೊಂಡದ್ದು ಮುಂದಿನ ಒಂದು ಸಣ್ಣ ಮಾತಿನಲ್ಲಿ. ಐದನೆಯ ದಿನ ವೈದ್ಯರು ನೋಡಲು ಹೋದರೆ ಅವಳು ಎದ್ದು ನಿಂತು ತನ್ನ ಹಾಸಿಗೆಯನ್ನು ಸರಿಮಾಡುತ್ತಿದ್ದಳು! ಅವರಿಗೆ ಆಶ್ಚರ್ಯವಾಗಿ, ಇನ್ನು ಮುಂದೆ ಹೀಗೆ ಮಾಡಕೂಡದು ಎಂದು ಎಚ್ಚರಿಕೆ ಹೇಳಿ ಬಂದರು. ಇಪ್ಪತ್ತೈದು ದಿನಕ್ಕೆ ಅವಳು ಊರಿಗೆ ಹೊರಟುಹೋದಳು, ಆರೋಗ್ಯವಾಗಿ. ಅದಾದ ಮೇಲೆ 32 ವರ್ಷ ಬದುಕಿ 1842ರಲ್ಲಿ, 78ನೆಯ ವಯಸ್ಸಿನಲ್ಲಿ ತೀರಿಕೊಂಡಳು. ಅವಳನ್ನು ಕೊಯ್ದ ವೈದ್ಯರು ಅವಳಿಗಿಂತ ಹನ್ನೆರಡು ವರ್ಷ ಮೊದಲೇ ಹೋಗಿದ್ದರು.

ಐದನೆಯ ದಿನ ಹಾಸಿಗೆ ಸರಿಮಾಡಿದ್ದನ್ನು ಬರೆಯುವವರೆಲ್ಲ ಅವಳ ಗಟ್ಟಿತನಕ್ಕೆ ಸಾಕ್ಷಿಯಾಗಿ ಬರೆಯುತ್ತಾರೆ. ಹೊಸ ನಾಡು ಕಟ್ಟಿದ ವೀರ ಮಹಿಳೆ, ಕಬ್ಬಿಣದಂಥ ದೇಹ, ಇತ್ಯಾದಿ. ನನಗೇಕೋ ಹಾಗನ್ನಿಸಲಿಲ್ಲ. ಅವಳು ಇದ್ದದ್ದು ಬೇರೆಯವರ ಮನೆಯಲ್ಲಿ. ಆ ಮನೆಯಲ್ಲಿ ಹೆಂಗಸರಿದ್ದರು, ಕೆಲಸವಿತ್ತು. ಐದು ದಿನದಿಂದ ಇನ್ನೊಬ್ಬರ ಮನೆಯ ಹಾಸಿಗೆಯಲ್ಲಿ ಮಲಗಿ, ಇನ್ನೊಬ್ಬರ ಕೈಯಲ್ಲಿ ಕೆಲಸ ಮಾಡಿಸಿಕೊಳ್ಳುತ್ತಿರುವ ಗೃಹಿಣಿಯ ಸಂಕೋಚ ಏನೆಂದು ಯಾವ ಗಂಡಸು ಶಸ್ತ್ರವೈದ್ಯನಿಗೆ ಗೊತ್ತು? ನನ್ನ ನಾದಿನಿ ಬಂದು ನಮ್ಮ ಮನೆಯಲ್ಲಿ ಹದಿನೈದು ದಿನ ಇದ್ದಳು, ಬಂಗಾರದಂಥವಳು. ಆದರೂ ಅವಳು ನನ್ನ ಬಟ್ಟೆ ಒಗೆಯಲು ಎತ್ತಿಕೊಂಡು ಹೋಗುವಾಗ ನನಗೆ ಹೊಲಿಗೆ ನೋವಿಗಿಂತ ಹೆಚ್ಚಿನ ಹಿಂಸೆಯಾಗುತ್ತಿತ್ತು. ಅವಳು ಹಿತ್ತಲಿಗೆ ಹೋದಾಗ ನಾನು ಮೆಲ್ಲಗೆ ಎದ್ದು ಹೊದಿಕೆ ಮಡಿಸಿ ಇಡುತ್ತಿದ್ದೆ. ಅದು ಗಟ್ಟಿತನವಲ್ಲ. ಜೇನಳದು ಏನಿತ್ತೋ ಅವಳೇ ಬಲ್ಲಳು. ನಾವು ಓದುವುದೆಲ್ಲ ವೈದ್ಯರು ಬರೆದದ್ದು.

ತನ್ನದನ್ನು ತಾನೇ ಬರೆದವಳು ಒಬ್ಬಳಿದ್ದಾಳೆ. ಫ್ಯಾನಿ ಬರ್ನಿ ಎಂಬ ಇಂಗ್ಲಿಷ್ ಕಾದಂಬರಿಗಾರ್ತಿ. ಫ್ರೆಂಚ್ ಅಧಿಕಾರಿಯೊಬ್ಬರನ್ನು ಮದುವೆಯಾಗಿ ಪ್ಯಾರಿಸಿನಲ್ಲಿದ್ದಳು. 1811ರ ಸೆಪ್ಟೆಂಬರ್ 30ರಂದು, 59ನೆಯ ವಯಸ್ಸಿನಲ್ಲಿ, ನೆಪೋಲಿಯನ್ನನ ಸೈನ್ಯದ ಪ್ರಸಿದ್ಧ ಶಸ್ತ್ರವೈದ್ಯ ಲಾರೆ ಅವರು ಅವಳ ಬಲಸ್ತನವನ್ನು ತೆಗೆದರು. ಬೆಳಿಗ್ಗೆ ಸುದ್ದಿ ಕೊಟ್ಟು ಮಧ್ಯಾಹ್ನವೇ ಆಪರೇಷನ್. ಗಂಡ ಮನೆಯಲ್ಲಿದ್ದರೆ ಅವನಿಗೆ ತಡೆದುಕೊಳ್ಳಲಾಗದು ಎಂದು ಅವನಿಗೆ ತಿಳಿಯದಂತೆ ಕಚೇರಿಯಲ್ಲೇ ಉಳಿಯುವ ಏರ್ಪಾಟನ್ನು ಅವಳೇ ಮಾಡಿದಳು. ಕಪ್ಪು ಬಟ್ಟೆ ತೊಟ್ಟ ಏಳು ಮಂದಿ ಗಂಡಸರು ಹೇಳದೆ ಕೇಳದೆ ಕೋಣೆಗೆ ಬಂದರು. ಹಳೆಯ ಹಾಸಿಗೆ ಎರಡು, ಹಳೆಯ ದುಪ್ಪಟಿ ಒಂದು ತನ್ನಿ ಎಂದರು. ಆ ಮಾತು ಕೇಳಿದಾಗಲೇ ತನಗೆ ನಡುಕ ಬಂದದ್ದು ಎಂದು ಬರೆಯುತ್ತಾಳೆ. ಮುಖದ ಮೇಲೆ ಹಾಕಿದ ತೆಳು ಕರವಸ್ತ್ರದ ಮೂಲಕ ಅವಳಿಗೆ ಎಲ್ಲವೂ ಕಾಣುತ್ತಿತ್ತು. ಇಪ್ಪತ್ತು ನಿಮಿಷ.

ಆಮೇಲೆ ಇದನ್ನು ತನ್ನ ಅಕ್ಕ ಎಸ್ತರ್‌ಗೆ ಕಾಗದದಲ್ಲಿ ಬರೆಯಲು ಕೂತಳು. ತಿಂಗಳುಗಟ್ಟಲೆ ಆ ವಿಷಯವನ್ನು ಬಾಯಲ್ಲಿ ಆಡುವುದೇ ಅವಳಿಂದ ಆಗಿರಲಿಲ್ಲ. 1812ರ ಮಾರ್ಚಿನಲ್ಲಿ ಶುರುಮಾಡಿದ ಕಾಗದ ಮುಗಿಯುವಾಗ ಜೂನ್ ಆಗಿತ್ತು. ಬರೆದದ್ದನ್ನು ಇನ್ನೊಂದು ಸಲ ಓದಿ ತಿದ್ದುವ ಧೈರ್ಯ ಬರಲಿಲ್ಲ. ದೇಹದ ಗಾಯ ಮಾಗಿದ್ದರೂ ಕಾಗದ ಬರೆಯುವಾಗ ತಲೆ ಸಿಡಿಯುತ್ತಿತ್ತು. ಆದರೂ ಬರೆದಳು. ಊರ ಬಾಯಿಯಿಂದ ಅಕ್ಕನಿಗೆ ಅರ್ಧಂಬರ್ಧ ತಿಳಿಯುವುದು ಬೇಡ ಎಂದು. ಮನೆಯ ಇನ್ನೊಬ್ಬ ಹೆಂಗಸಿಗೆ ಹೀಗೇನಾದರೂ ಆದರೆ ಅವಳು ತನ್ನ ಹಾಗೆ ತಡಮಾಡದಿರಲಿ ಎಂದು. ಅವಳೂ 1840ರವರೆಗೆ ಬದುಕಿದಳು.

ಅಕ್ಕನಿಗೆ ಬರೆದ ಆ ಕಾಗದದ ವಿಷಯವನ್ನು ನಾನು ಅಮ್ಮನಿಗೆ ಹೇಳಿದೆ. ಅಮ್ಮ ನನ್ನನ್ನು ನೋಡಿಕೊಳ್ಳುವುದಕ್ಕೆಂದು ಬಂದಿದ್ದರು, 77 ವರ್ಷದವರು. ನಿಜ ಹೇಳಬೇಕೆಂದರೆ ನೋಡಿಕೊಳ್ಳುತ್ತಿದ್ದುದು ನಾದಿನಿ, ಅಮ್ಮ ಮೇಲ್ವಿಚಾರಕರು. ನಾನು ಎದ್ದು ನಡೆದಾಡುವುದೇ ಅವರಿಗೆ ಆಗುತ್ತಿರಲಿಲ್ಲ. ಆಪರೇಷನ್ ಆದ ಮಾರನೆಯ ಬೆಳಿಗ್ಗೆಯೇ ಸಿಸ್ಟರ್ ಬಂದು "ಏಳಿ ಅಮ್ಮ, ಕೂತ್ಕೊಳ್ಳಿ, ನಡೀಬೇಕು" ಎಂದು ಎಬ್ಬಿಸಿ ನಿಲ್ಲಿಸಿದ್ದಳು. ಕಣ್ಣು ಕತ್ತಲೆ ಬಂತು, ಹತ್ತು ಹೆಜ್ಜೆ ನಡೆಸಿಯೇ ಬಿಟ್ಟಳು. ವೈದ್ಯರು ಬಂದವರು ನೋವು ಹೇಗಿದೆ ಎಂದು ಕೇಳುವುದಕ್ಕೆ ಮೊದಲು "ಗ್ಯಾಸ್ ಹೋಯ್ತಾ?" ಎಂದು ಕೇಳಿದರು. ಮೂವತ್ತು ವರ್ಷ ಮಕ್ಕಳನ್ನು ಗದರಿಸಿದ ಮೇಷ್ಟ್ರಮ್ಮ ನಾನು, ಹತ್ತು ಜನರೆದುರು ಆ ಪ್ರಶ್ನೆಗೆ ಉತ್ತರ ಕೊಡಬೇಕಾಯಿತು. ಅಮ್ಮನಿಗೆ ಸಿಟ್ಟು. "ಇವರೇನು ಡಾಕ್ಟರೋ ಡ್ರಿಲ್ ಮೇಷ್ಟ್ರೋ? ನನಗೆ ಆಪರೇಷನ್ ಆದಾಗ ಒಂದು ವಾರ ಮಗ್ಗುಲು ತಿರುಗೋಕೂ ಬಿಟ್ಟಿರಲಿಲ್ಲ."

ಇಬ್ಬರ ವೈದ್ಯರೂ ತಮ್ಮ ತಮ್ಮ ಕಾಲಕ್ಕೆ ಸರಿಯಾಗಿಯೇ ನಡೆದಿದ್ದರು. ಗಾಯ ಮಾಗಬೇಕಾದರೆ ಅಲುಗಾಡಬಾರದು ಎಂಬುದು ಬಹಳ ಕಾಲದ ನಂಬಿಕೆ. ಲಂಡನ್ನಿನ ಜಾನ್ ಹಿಲ್ಟನ್ ಎಂಬ ವೈದ್ಯರು ವಿಶ್ರಾಂತಿಯೇ ಮದ್ದು ಎಂದು ಉಪನ್ಯಾಸಗಳನ್ನು ಕೊಟ್ಟು, 1863ರಲ್ಲಿ ಅವು ಪುಸ್ತಕವಾಗಿ, ತಲೆಮಾರುಗಳ ಕಾಲ ವೈದ್ಯರು ಅದನ್ನು ಓದಿದರು. ಹೊಟ್ಟೆ ಕೊಯ್ದವರನ್ನು ಎರಡು ವಾರ, ಮೂರು ವಾರ ಅಂಗಾತ ಮಲಗಿಸಿಡುವುದು ವಾಡಿಕೆಯಾಯಿತು. ಹಾಗೆ ಮಲಗಿದವರ ಕಾಲಿನ ರಕ್ತನಾಳಗಳಲ್ಲಿ ರಕ್ತ ಹೆಪ್ಪುಗಟ್ಟಿ, ಆ ಹೆಪ್ಪು ಶ್ವಾಸಕೋಶಕ್ಕೆ ಹೋಗಿ, ಗಾಯ ಮಾಗುತ್ತಿರುವಾಗಲೇ ಕೆಲವರು ಇದ್ದಕ್ಕಿದ್ದಂತೆ ಸಾಯುತ್ತಿದ್ದರು. 1899ರಲ್ಲಿ ಶಿಕಾಗೋದ ಎಮಿಲ್ ರೀಸ್ ಎಂಬ ಸ್ತ್ರೀರೋಗ ವೈದ್ಯರು ತಮ್ಮ ರೋಗಿಗಳನ್ನು ಒಂದೆರಡು ದಿನದಲ್ಲೇ ಎಬ್ಬಿಸಿದೆ, ಬೇಗ ಗುಣವಾದರು ಎಂದು ಬರೆದರು. ಹೆಚ್ಚು ಮಂದಿ ಕಿವಿಗೆ ಹಾಕಿಕೊಳ್ಳಲಿಲ್ಲ. ಕಡೆಗೆ ಇದನ್ನು ಎಲ್ಲರೂ ಒಪ್ಪುವ ಹಾಗಾದದ್ದು 1940ರ ದಶಕದಲ್ಲಿ. ಡೆಟ್ರಾಯಿಟ್‌ನ ಡೇನಿಯಲ್ ಲೈಟ್‌ಹೌಸರ್ ಎಂಬವರು ಲೆಕ್ಕವಿಟ್ಟು ತೋರಿಸಿದರು. ಅದಕ್ಕಿಂತ ಹೆಚ್ಚಾಗಿ ಎರಡನೆಯ ಮಹಾಯುದ್ಧದಲ್ಲಿ ಆಸ್ಪತ್ರೆಗಳಲ್ಲಿ ಮಂಚ, ದಾದಿಯರು ಸಾಲದೆ ಬಂದು, ಎದ್ದು ನಡೆಯದೆ ವಿಧಿಯಿಲ್ಲ ಎನ್ನುವ ಹಾಗಾಯಿತು. 1947ರಲ್ಲಿ ರಿಚರ್ಡ್ ಆಶರ್ ಎಂಬ ಇಂಗ್ಲಿಷ್ ವೈದ್ಯರು, ಹಾಸಿಗೆ ಹಿಡಿಯುವುದರಿಂದ ಅಂಗಾಂಗಗಳಿಗೆಲ್ಲ ಏನೇನು ಕೇಡೆಂದು ನಗೆ ಬೆರೆಸಿ ಒಂದು ಲೇಖನವನ್ನೇ ಬರೆದರು. ಅಂದರೆ ಜೇನ್ ಎದ್ದು ನಿಂತದ್ದು ಸರಿ ಎಂದು ವೈದ್ಯಶಾಸ್ತ್ರ ಒಪ್ಪುವುದಕ್ಕೆ 130 ವರ್ಷ ಹಿಡಿಯಿತು. ಆದರೆ ಬಗ್ಗಿ ಹಾಸಿಗೆ ಎತ್ತಿದ್ದು ಈಗಲೂ ತಪ್ಪೇ. ನಡೆಯಬೇಕು, ಭಾರ ಎತ್ತಬಾರದು. ಈ ಎರಡೂ ಒಟ್ಟಿಗೆ ನಡೆಸಬೇಕೆಂದರೆ ಮನೆಯಲ್ಲಿ ಭಾರ ಎತ್ತುವವರು ಇನ್ನೊಬ್ಬರು ಇರಬೇಕಲ್ಲ!

ಆರು ವಾರ ಐದು ಕಿಲೋಗಿಂತ ಹೆಚ್ಚಿನದನ್ನು ಮುಟ್ಟಬೇಡಿ ಎಂದು ನನಗೆ ಚೀಟಿಯಲ್ಲಿ ಬರೆದುಕೊಟ್ಟರು. ನಾನು ಕೂತಲ್ಲೇ ಲೆಕ್ಕ ಹಾಕಿದೆ. ನೀರು ತುಂಬಿದ ಬಕೆಟ್ಟು ಹತ್ತರಿಂದ ಹದಿನೈದು ಕಿಲೋ. ಒಗೆದು ಹಿಂಡಿದ ಬೆಡ್‌ಶೀಟುಗಳ ಬುಟ್ಟಿ ಐದಾರು. ತುಂಬಿದ ದೊಡ್ಡ ಕುಕ್ಕರು ಐದರ ಆಸುಪಾಸು. ಗ್ಯಾಸ್ ಸಿಲಿಂಡರಿನ ಮಾತು ಬಿಡಿ, ತುಂಬಿದ್ದು 30 ಕಿಲೋ. ಸಾಧಾರಣ ದಿನವೊಂದರಲ್ಲಿ ಐದು ಕಿಲೋಗಿಂತ ಹೆಚ್ಚಿನದನ್ನು ಹದಿನೆಂಟು ಸಲ ಎತ್ತುತ್ತಿದ್ದೆನೆಂದು ತಿಳಿಯಿತು. ಐವತ್ತೊಂದು ವರ್ಷಕ್ಕೆ ಮೊದಲ ಸಲ.

ಆಸ್ಪತ್ರೆಯಲ್ಲಿ ನನ್ನ ಪಕ್ಕದ ಮಂಚದಲ್ಲಿ ಹುಣಸೂರು ಕಡೆಯ ಒಬ್ಬಾಕೆ ಇದ್ದಳು, ಹೊಲದ ಕೂಲಿಗೆ ಹೋಗುವವಳು. ಅವಳಿಗೂ ಅದೇ ಆಪರೇಷನ್. ಐದನೆಯ ದಿನ ಡಿಸ್ಚಾರ್ಜ್ ಎಂದಾಗ ನಾವೆಲ್ಲ ಹಿಗ್ಗಿದರೆ ಅವಳ ಮುಖ ಸಣ್ಣದಾಯಿತು. "ಇಲ್ಲೇ ಚೆಂದಾಗದೆ ಮೇಡಮ್ಮೋರೆ. ಊರ್ಗೋದ್ರೆ ಯಾರ್ ಕೂರುಸ್ಬುಟ್ಟು ಇಕ್ತಾರೆ?" ಎಂದಳು. ಹತ್ತನೆಯ ದಿನ ಹೊಲಿಗೆ ಬಿಚ್ಚಿಸಲು ನಾನು ಹೋದಾಗ ಅವಳೂ ಸಿಗಬಹುದೆಂದು ಹೊರಗಿನ ಸ್ಟೀಲ್ ಕುರ್ಚಿಗಳ ಸಾಲಿನಲ್ಲಿ ಹುಡುಕಿದೆ. ಬಂದಿರಲಿಲ್ಲ.

ಆ ದಿನ ನನ್ನ ಟೋಕನ್ 34. ಎರಡೂವರೆ ಗಂಟೆ ಕಾದು, ಒಳಗಿದ್ದದ್ದು ನಾಲ್ಕು ನಿಮಿಷ. ಹೊಲಿಗೆ ಒಣಗಿದೆ, ಬಯಾಪ್ಸಿ ರಿಪೋರ್ಟು ಇನ್ನೂ ಬಂದಿಲ್ಲ, ಗುರುವಾರ ಬನ್ನಿ. ಗುರುವಾರಕ್ಕೆ ಮತ್ತೆ ಆರು ದಿನ. ಆ ಆರು ದಿನ ಮನೆಯಲ್ಲಿ ಯಾರೂ ಕ್ಯಾನ್ಸರ್ ಎಂಬ ಶಬ್ದ ಆಡಲಿಲ್ಲ. ಎಲ್ಲರೂ ಟಿ.ವಿ.ಯ ಸದ್ದು ಸ್ವಲ್ಪ ಜಾಸ್ತಿ ಇಟ್ಟುಕೊಂಡಿದ್ದೆವು. ಅಂಥದೊಂದು ಸಂಜೆ ನಾನು ಅಮ್ಮನಿಗೆ ಜೇನಳ ಕಥೆ ಹೇಳುತ್ತಿದ್ದೆ. ಎಲ್ಲರೂ ಬಸುರಿ ಎಂದುಕೊಂಡಿದ್ದರಂತೆ ಎಂದಾಗ, ಹೂಬತ್ತಿ ಹೊಸೆಯುತ್ತಿದ್ದ ಅಮ್ಮನ ಕೈ ನಿಂತಿತು.

"ಅಕ್ಕನಿಗೂ ಹೀಗೇ ಹೊಟ್ಟೆ ಬಂದಿತ್ತು ಕಣೆ" ಎಂದರು.

ನನಗೊಬ್ಬರು ದೊಡ್ಡಮ್ಮ ಇದ್ದರು, ಚಿಕ್ಕ ವಯಸ್ಸಿನಲ್ಲೇ ಹೊಟ್ಟೆನೋವು ಬಂದು ಹೋದರು ಎಂಬುದಷ್ಟೇ ನನಗೆ ಗೊತ್ತಿದ್ದದ್ದು. ಅಮ್ಮನಿಗಿಂತ ಹನ್ನೆರಡು ವರ್ಷ ದೊಡ್ಡವರು. ಇಪ್ಪತ್ತಕ್ಕೆ ಗಂಡ ಸತ್ತು ತವರಿಗೆ ಬಂದಿದ್ದರು. ಇಪ್ಪತ್ತೇಳರಲ್ಲಿ ಹೊಟ್ಟೆ ದಪ್ಪಗಾಗಲು ಶುರುವಾಯಿತು. ಬೋಳಿಸಿದ ತಲೆಯ ವಿಧವೆಗೆ ಹೊಟ್ಟೆ ಬಂದರೆ ಹಳ್ಳಿ ಏನು ಹೇಳುತ್ತದೆ, ನಿಮಗೆ ನಾನು ಬಿಡಿಸಿ ಹೇಳಬೇಕಾಗಿಲ್ಲ. ತಾತ ಅವರನ್ನು ಹಿತ್ತಲ ಕೋಣೆಯಿಂದ ಹೊರಗೆ ಬರಬೇಡ ಎಂದರು. ಬಾವಿಗೆ ಕತ್ತಲಲ್ಲಿ ಹೋಗಿಬರುತ್ತಿದ್ದರು. "ಊರಿನವರು ತಿಂಗಳು ಲೆಕ್ಕ ಹಾಕ್ತಾ ಕೂತಿದ್ರು. ಒಂಬತ್ತಾಯ್ತು. ಹತ್ತಾಯ್ತು. ಹನ್ನೆರಡಾಯ್ತು. ಆಮೇಲೆ ಸುಮ್ಮನಾದ್ರು" ಎಂದರು ಅಮ್ಮ. ಸುಮ್ಮನಾಗುವಷ್ಟರಲ್ಲಿ ಅವರಿಗೆ ಏಳಲು ಆಗುತ್ತಿರಲಿಲ್ಲ. 1958ರಲ್ಲಿ ತೀರಿಹೋದರು. ಹದಿನಾರು ವರ್ಷದ ಅಮ್ಮ ಪಕ್ಕದಲ್ಲಿದ್ದರು.

1958 ಎಂದರೆ ಕಗ್ಗತ್ತಲ ಕಾಲವೇನಲ್ಲ. ಬೆಂಗಳೂರಿನಲ್ಲಿ ಹೆಂಗಸರು ಮಕ್ಕಳಿಗೆಂದೇ ವಾಣಿವಿಲಾಸ ಆಸ್ಪತ್ರೆ 1935ರಲ್ಲೇ ತೆರೆದಿತ್ತು. ಮೈಸೂರಿನಲ್ಲಿ ಚೆಲುವಾಂಬ ಆಸ್ಪತ್ರೆ ಇತ್ತು. ಗಂಡಸು ವೈದ್ಯ ಮುಟ್ಟಬಾರದೆಂದು ಒಂದೇ ರಾತ್ರಿಯಲ್ಲಿ ಮೂರು ಮನೆಯವರು ಹಟ ಹಿಡಿದು, ಹೆರಿಗೆಯಲ್ಲಿ ಮೂವರು ಹೆಂಗಸರೂ ಸತ್ತದ್ದನ್ನು ತಿಳಿದು, ತಾನೇ ಡಾಕ್ಟರಾಗಿ 1900ರಲ್ಲಿ ತಿರುಗಿ ಬಂದ ಐಡಾ ಸ್ಕಡರ್ ವೆಲ್ಲೂರಿನಲ್ಲಿ ಕಟ್ಟಿದ ಆಸ್ಪತ್ರೆ ಇತ್ತು. ಅರಿವಳಿಕೆ ಇತ್ತು, ಪೆನಿಸಿಲಿನ್ ಇತ್ತು. ಕುದುರೆ ಬೇಕಿರಲಿಲ್ಲ, ಬಸ್ಸಿತ್ತು. ಜೇನಳಿಗೆ ಇಲ್ಲದಿದ್ದದ್ದೆಲ್ಲ ದೊಡ್ಡಮ್ಮನಿಗೆ ನೂರು ಕಿಲೋಮೀಟರಿನ ಒಳಗೇ ಇತ್ತು. ಜೇನಳಿಗೆ ಇದ್ದದ್ದು ಒಂದೇ: ಮದುವೆಯಾದ ಹೆಂಗಸಿನ ಹೊಟ್ಟೆಯನ್ನು ನಾಲ್ಕು ಜನರೆದುರು ತೋರಿಸಬಹುದಿತ್ತು. ತಾತ ಕೆಟ್ಟವರಲ್ಲ ಎಂದು ಅಮ್ಮ ಎರಡು ಸಲ ಹೇಳಿದರು. ಇರಬಹುದು. ನನಗೆ ಆ ರಾತ್ರಿ ಅವರ ಮೇಲೆ ಬಂದ ಸಿಟ್ಟು ಇನ್ನೂ ಇಳಿದಿಲ್ಲ.

ಗುರುವಾರ ರಿಪೋರ್ಟು ಬಂತು. ಏನೂ ಇಲ್ಲ, ಸಾಧಾರಣ ಗಡ್ಡೆ. ವೈದ್ಯರು ನಕ್ಕರು, ನಮ್ಮ ಮನೆಯವರು ಆಸ್ಪತ್ರೆಯ ಕ್ಯಾಂಟೀನಿನಲ್ಲಿ ಎರಡು ಮಸಾಲೆ ದೋಸೆ ತಿಂದರು. ನನಗೆ ಇಡ್ಲಿ.

ಇನ್ನೊಂದು ವಿಷಯ ಉಳಿಯಿತು. ಮೆಕ್‌ಡವೆಲ್ ಅವರು ಜೇನಳ ಆಪರೇಷನ್ನಿನ ಬಗ್ಗೆ ಬರೆದು ಪ್ರಕಟಿಸಿದ್ದು 1817ರಲ್ಲಿ, ಫಿಲಡೆಲ್ಫಿಯಾದ ಒಂದು ವೈದ್ಯ ಪತ್ರಿಕೆಯಲ್ಲಿ. ಆ ಲೇಖನದಲ್ಲಿ ಮೂರು ಆಪರೇಷನ್‌ಗಳಿವೆ. ಮೊದಲನೆಯದು ಶ್ರೀಮತಿ ಕ್ರಾಫರ್ಡ್ ಎಂದು ಹೆಸರು ಹೇಳಿದ್ದಾರೆ. ಎರಡನೆಯವಳು, ಮೂರನೆಯವಳು ನೀಗ್ರೋ ಹೆಂಗಸರು. ಅಷ್ಟೇ, ಹೆಸರಿಲ್ಲ. ಆಗಿನ ಕೆಂಟಕಿಯಲ್ಲಿ ಗುಲಾಮಗಿರಿ ಇತ್ತು. ಜೇನಳನ್ನು ಬರುತ್ತೀಯಾ ಎಂದು ಕೇಳಿದ ಹಾಗೆ ಅವರನ್ನು ಯಾರಾದರೂ ಕೇಳಿದರೋ ಇಲ್ಲವೋ, ಲೇಖನ ಹೇಳುವುದಿಲ್ಲ. ಮೂರನೆಯವಳು ಗುಣವಾದಳು ಎಂಬುದನ್ನು ವೈದ್ಯರು ಹೇಗೆ ತಿಳಿಸುತ್ತಾರೆ ಗೊತ್ತೆ? ಈಗ ದೊಡ್ಡ ಸಂಸಾರವೊಂದಕ್ಕೆ ಅಡಿಗೆ ಮಾಡುವ ಶ್ರಮದ ಕೆಲಸ ಮಾಡಿಕೊಂಡಿದ್ದಾಳೆ ಎಂದು.

ಅದನ್ನು ಓದಿ ನಾನು ಪುಸ್ತಕ ಮುಚ್ಚಿಟ್ಟೆ. 1817ರಿಂದ ನಮ್ಮ ಬೀದಿಯವರೆಗೆ ಪ್ರಶ್ನೆ ಬದಲಾಗಿರಲಿಲ್ಲ.

ಆರು ವಾರದ ಚೆಕಪ್ಪಿಗೆ ಬಸ್ಸಿನಲ್ಲೇ ಹೋಗಿಬಂದೆ, ಕಿಟಕಿಯ ಪಕ್ಕ ಕೂತು. ಎಲ್ಲ ನಾರ್ಮಲ್, ಶಾಲೆಗೆ ಹೋಗಬಹುದು ಎಂದರು. ಸಂಜೆ ಎದುರು ಮನೆಯವರು ಕಾಂಪೌಂಡಿನ ಆಚೆಯಿಂದ ಕೇಳಿದರು: "ಏನ್ರೀ, ಅಡಿಗೆ ಮನೆಗೆ ಬಂದ್ರಾ?" "ಬಂದಿದೀನಿ ಕಣ್ರೀ, ಕಾಫಿ ಕುಡಿಯೋಕೆ" ಎಂದೆ. ಒಳಗೆ ನಮ್ಮ ಮನೆಯವರು ಹಾಲು ಉಕ್ಕಿಸಿ ಒಲೆಯೆಲ್ಲ ಮಾಡಿಕೊಂಡಿದ್ದರು. ಆ ಆರು ವಾರದಲ್ಲಿ ಅವರು ಕಲಿತದ್ದು ಕಾಫಿ, ಅನ್ನ, ಒಂದು ಬಗೆಯ ತಿಳಿಸಾರು. ಈಗಲೂ ಬೆಳಗಿನ ಕಾಫಿ ಅವರದೇ. ಸಾರಿನ ಬಗ್ಗೆ ಏನೂ ಹೇಳುವುದಿಲ್ಲ.

ಈ ಲೇಖನ ಬರೆಯುವ ಮೊದಲು ಅಮ್ಮನಿಗೆ ಫೋನ್ ಮಾಡಿ, ದೊಡ್ಡಮ್ಮನ ವಿಷಯ ಬರೆಯಲೇ ಎಂದು ಕೇಳಿದೆ. ಬಹಳ ಹೊತ್ತು ಮಾತಿಲ್ಲ. ಆಮೇಲೆ, ಬರಿ ಎಂದರು. ಹೆಸರೇನು ಎಂದು ಕೇಳಿದೆ. ಇಷ್ಟು ವರ್ಷ ದೊಡ್ಡಮ್ಮ ಎಂದೇ ಕೇಳಿದ್ದವಳಿಗೆ ಅವರ ಹೆಸರೇ ಗೊತ್ತಿರಲಿಲ್ಲ. ಹೇಳಿದರು, ಎರಡು ಅಕ್ಷರದ ಚಂದದ ಹೆಸರು. ಹೇಳಿ, "ಅದನ್ನ ಮಾತ್ರ ಪುಸ್ತಕದಲ್ಲಿ ಹಾಕಬೇಡ, ಊರಲ್ಲಿ ಇನ್ನೂ ಜನ ಇದಾರೆ" ಎಂದರು.

ಹಾಕಿಲ್ಲ.